ಬಾತಿನ ಬಳಿಗೆ ಯಾವ ದೋಣಿ?

ಮಾಗಿಯ ಬೆಳಗಿನಲ್ಲಿ ಘಟಪ್ರಭೆಯ ಮೇಲೆ ಕವಿದ ಮಂಜು ಬಿಸಿಲೇರುವವರೆಗೂ ಕದಲುವುದಿಲ್ಲ. ಗೋಕಾಕದ ಜಲಪಾತದಲ್ಲಿ ನೂರಾ ಎಪ್ಪತ್ತು ಅಡಿ ಧುಮುಕಿ ಗರ್ಜಿಸಿದ ಇದೇ ನದಿ, ಕೆಳಗೆ ಮಸಗುಪ್ಪಿಯ ಸುತ್ತಿಗೆ ಬರುವ ಹೊತ್ತಿಗೆ ತನ್ನ ಆರ್ಭಟವನ್ನೆಲ್ಲ ಮರೆತು, ಕಬ್ಬಿನ ತೋಟಗಳ ನಡುವೆ ಮಡುವಿನಿಂದ ಮಡುವಿಗೆ ಮೆಲ್ಲನೆ ಸರಿಯುತ್ತದೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಈ ಊರಿನವರಿಗೆ ನದಿಯೆಂದರೆ ಮೊದಲು ನೆನಪಾಗುವುದು ಮಹಾಪೂರ, ಆಮೇಲೆ ಪಂಪುಸೆಟ್ಟು. ಆದರೆ ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಇಂಥ ಮಡುಗಳಿಗೆ ಬೇರೊಂದು ಬಗೆಯ ನೆಂಟರೂ ಇಳಿಯುವುದುಂಟು. ಅವೇ ಕಾಡು ಬಾತುಗಳು.

ದಂಡೆಯ ಮೇಲೆ ನಿಂತವನಿಗೆ ಅವು ಕೈಗೆಟಕುವಷ್ಟು ಹತ್ತಿರದಲ್ಲಿರುವಂತೆ ತೋರುತ್ತವೆ. ಹತ್ತು ಹೆಜ್ಜೆ ಮುಂದಿಟ್ಟು ನೋಡಿ. ಒಂದು ತಲೆಯೆತ್ತುತ್ತದೆ, ಎಲ್ಲವೂ ತಲೆಯೆತ್ತುತ್ತವೆ, ಇನ್ನೆರಡು ಹೆಜ್ಜೆಗೆ ಇಡೀ ಹಿಂಡು ಆಕಾಶದಲ್ಲಿರುತ್ತದೆ. ನೀರಹಕ್ಕಿಯನ್ನು ನೀರಿನಿಂದಲೇ ಸಮೀಪಿಸಬೇಕು. ಹಾಗಾದರೆ ಯಾವ ದೋಣಿಯಲ್ಲಿ? ಪ್ರಶ್ನೆ ಸಣ್ಣದೆನ್ನಿಸಬಹುದು. ಆದರೆ ಜಗತ್ತಿನ ಹಲವು ಕಡೆ ಜಾಣರಾದ ಬಡಗಿಗಳು, ಬೇಟೆಗಾರರು, ಅಂಬಿಗರು ತಲೆಮಾರುಗಳವರೆಗೆ ಇದಕ್ಕೆ ಉತ್ತರ ಹುಡುಕಿದ್ದಾರೆ. ಒಂದೊಂದು ನೀರಿಗೆ ಒಂದೊಂದು ಉತ್ತರ ದೊರಕಿದೆ.

ಇಂದು ಆ ದೋಣಿಯಲ್ಲಿ ಕೋವಿಗೆ ಎಡೆಯಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು; ೧೯೯೧ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ನಿಲ್ಲಿಸಿತು. ಈಗ ಬಾತಿನ ಬಳಿಗೆ ಹೋಗುವವರ ಕೈಯಲ್ಲಿರುವುದು ದುರ್ಬೀನು, ಕ್ಯಾಮೆರಾ, ಇಲ್ಲವೆ ಹಕ್ಕಿಗಳನ್ನು ಎಣಿಸಿ ಬರೆದಿಡುವ ಪುಸ್ತಕ. ಆದರೂ ದೋಣಿಯ ವಿದ್ಯೆಯನ್ನು ಲೋಕಕ್ಕೆ ಕಲಿಸಿದವನು ಬೇಟೆಗಾರನೇ. ಹತ್ತಿರ ಹೋಗಬೇಕು, ಸದ್ದಾಗಬಾರದು, ಮುಳುಗಬಾರದು ಎಂಬ ಮೂರು ನಿಬಂಧನೆಗಳು ಅವನಿಗೂ ಇದ್ದವು, ಇವರಿಗೂ ಇವೆ.

ಶವಪೆಟ್ಟಿಗೆಯಂಥ ದೋಣಿ

ಈ ವಿದ್ಯೆ ಬೆಳೆದದ್ದು ಸಮುದ್ರ ತೀರದ ಉಪ್ಪುನೀರಿನ ಜವುಗಿನಲ್ಲಿ. ಅಲ್ಲಿನ ಕಷ್ಟ ಎರಡು ಬಗೆಯದು. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಮರೆಗೆ ಒಂದು ಮರವೂ ಇರುವುದಿಲ್ಲ. ಭರತದ ವೇಳೆ ಸರೋವರದಂತಿದ್ದ ಜಾಗ ಇಳಿತದಲ್ಲಿ ಮೊಣಕಾಲುದ್ದದ ಕೆಸರಾಗುತ್ತದೆ. ಆಳವಾಗಿ ಕೂರುವ ದೋಣಿ ಅಲ್ಲಿ ಹೂತುಕೊಂಡರೆ ಮುಂದಿನ ಭರತ ಬರುವವರೆಗೆ ಒಳಗಿದ್ದವನು ಚಳಿಗಾಳಿಯಲ್ಲಿ ಸೆರೆಯಾಗಿ ಕೂಡಬೇಕಾದದ್ದೇ. ಇಳಿದು ನಡೆಯುತ್ತೇನೆಂದವನನ್ನು ಕೆಸರು ಬಿಡುವುದಿಲ್ಲ.

ಅಮೆರಿಕದ ನ್ಯೂ ಜೆರ್ಸಿಯ ಬಾರ್ನೆಗಾಟ್ ಕೊಲ್ಲಿಯ ಅಂಚಿನಲ್ಲಿ ಹೇಜಲ್ಟನ್ ಸೀಮನ್ ಎಂಬ ದೋಣಿ ಬಡಗಿ ೧೮೩೬ರಲ್ಲಿ ಈ ಕಷ್ಟಕ್ಕೊಂದು ಪರಿಹಾರ ಕಂಡುಹಿಡಿದ. ಅವನ ದೋಣಿಯ ಉದ್ದ ಸುಮಾರು ಹನ್ನೆರಡು ಅಡಿ, ಅಗಲ ನಾಲ್ಕು ಅಡಿ. ತಳ ಊಟದ ಚಮಚೆಯಂತೆ ಮುಂದಕ್ಕೆ ಬಾಗಿತ್ತು. ಮೇಲ್ಭಾಗವೂ ಹಲಗೆಯಿಂದ ಮುಚ್ಚಿದ್ದು, ನಡುವೆ ಒಬ್ಬ ಮನುಷ್ಯ ತೂರುವಷ್ಟೇ ತೆರಪು. ಕೆಲವೇ ಅಂಗುಲ ನೀರಿದ್ದರೆ ಸಾಕು, ಅದು ತೇಲುತ್ತದೆ. ಬೇಟೆಗಾರ ಅದನ್ನು ಹುಲ್ಲಿನ ಅಂಚಿಗೆ ತಂದು, ಮೇಲ್ಮುಚ್ಚಿಗೆಯ ಮೇಲೆ ಜವುಗಿನ ಹುಲ್ಲನ್ನೇ ಹರಡಿ ಒಳಗೆ ಮಲಗಿಬಿಡುತ್ತಿದ್ದ. ಹಕ್ಕಿಗಳ ಪಾಲಿಗೆ ಅದೊಂದು ಹುಲ್ಲಿನ ದಿಬ್ಬ. ಸೀಮನ್ ತಾನೇ ಇದಕ್ಕೆ 'ಸೈತಾನನ ಶವಪೆಟ್ಟಿಗೆ' ಎಂದು ಹೆಸರಿಟ್ಟನಂತೆ. ಆದರೆ 'ಸ್ನೀಕ್‌ಬಾಕ್ಸ್', ಎಂದರೆ ನುಸುಳು ಪೆಟ್ಟಿಗೆ, ಎಂಬ ಹೆಸರು ನಿಂತಿತು. ನಥಾನಿಯಲ್ ಬಿಷಪ್ ಎಂಬ ಸಾಹಸಿ ಇಂಥದೊಂದು ಪೆಟ್ಟಿಗೆಯಲ್ಲಿ ಒಬ್ಬನೇ ಕುಳಿತು ಒಹಾಯೊ, ಮಿಸಿಸಿಪ್ಪಿ ನದಿಗಳನ್ನಿಳಿದು, ಮೆಕ್ಸಿಕೊ ಕೊಲ್ಲಿಯ ತೀರದುದ್ದಕ್ಕೂ ಹುಟ್ಟುಹಾಕುತ್ತ ೨,೬೦೦ ಮೈಲಿ ಸಾಗಿ, ೧೮೭೯ರಲ್ಲಿ ಅದರ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದ. ಬಾತಿನ ಬೇಟೆಗೆಂದು ಹುಟ್ಟಿದ ದೋಣಿ ಮನುಷ್ಯನಿಗೆ ನಾಲ್ಕು ತಿಂಗಳ ಮನೆಯೂ ಆದೀತೆಂದು ಸೀಮನ್ ಕನಸಿನಲ್ಲೂ ಎಣಿಸಿರಲಾರ.

ಇಂಗ್ಲೆಂಡಿನ ತೀರದಲ್ಲಿ ಬೇಟೆಗಾರರು ಹಿಡಿದ ದಾರಿ ಇದಕ್ಕಿಂತ ಕ್ರೂರವಾದದ್ದು. ಅಲ್ಲಿ 'ಪಂಟ್' ಎಂಬ ಉದ್ದನೆಯ, ಕಿರಿದಾದ, ನೀರಿನ ಮಟ್ಟಕ್ಕಿಂತ ತುಸುವೇ ಮೇಲೆದ್ದ ಬೂದು ಬಣ್ಣದ ದೋಣಿಯಿತ್ತು. ಬೇಟೆಗಾರ ಬೋರಲು ಮಲಗಿ, ಪಕ್ಕದಿಂದ ಕೈ ಇಳಿಬಿಟ್ಟು ಸದ್ದಿಲ್ಲದೆ ತಳ್ಳಿಕೊಂಡು ಹೋಗುತ್ತಿದ್ದ. ಮುಂದೆ ದೋಣಿಗೇ ಹಗ್ಗದಿಂದ ಬಿಗಿದ ಒಂದು ಪಿರಂಗಿ. ಅದನ್ನು ಕೋವಿಯೆನ್ನಲು ಸಂಕೋಚವಾಗುತ್ತದೆ. ಗುರಿಯಿಡಲು ಕೋವಿಯನ್ನಲ್ಲ, ಇಡೀ ದೋಣಿಯನ್ನೇ ತಿರುಗಿಸಬೇಕು. ಒಂದೇ ಸಿಡಿತಕ್ಕೆ ಒಂದು ಪೌಂಡಿಗೂ ಮಿಕ್ಕ ಸೀಸದ ಚರೆ ಹೊರಟು ಹತ್ತಾರು ಹಕ್ಕಿಗಳನ್ನು ಉರುಳಿಸುತ್ತಿತ್ತು. ಹಿಂದೊದೆತಕ್ಕೆ ದೋಣಿಯೇ ಹಿಂದಕ್ಕೆ ಜಾರುತ್ತಿತ್ತು. ಕರ್ನಲ್ ಪೀಟರ್ ಹಾಕರ್ ಎಂಬ ಸೇನಾಧಿಕಾರಿ ೧೮೧೪ರಲ್ಲಿ ತರುಣ ಬೇಟೆಗಾರರಿಗೆಂದು ಬರೆದ ಕೈಪಿಡಿ ಈ ವಿದ್ಯೆಯನ್ನು ದೊಡ್ಡ ಮನೆಗಳಿಗೂ ಹಬ್ಬಿಸಿತು.

ಕೆಸರಿನಲ್ಲಿ ಉಳಿದ ಹೆಬ್ಬಾತು

ಈ ಪಂಟಿನಲ್ಲಿ ಮಲಗಿ ಬೆಳೆದ ತರುಣರಲ್ಲಿ ಒಬ್ಬನ ಕಥೆಯನ್ನು ಇಲ್ಲಿ ಹೇಳಲೇಬೇಕು. ದಕ್ಷಿಣ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ ೧೯೧೨ರಲ್ಲಿ ಹಿಮದಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟ್, ತನ್ನ ಕೊನೆಯ ಪತ್ರದಲ್ಲಿ, ಮಗನಿಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟುವಂತೆ ಮಾಡೆಂದು ಹೆಂಡತಿಗೆ ಬರೆದಿದ್ದ. ಆ ಮಗನೇ ಪೀಟರ್ ಸ್ಕಾಟ್. ತಂದೆ ಬಯಸಿದಂತೆ ಅವನಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. ಆದರೆ ಆ ಹುಚ್ಚು ಮೊದಲು ಕೋವಿಯ ರೂಪದಲ್ಲೇ ಬಂದಿತು. ಕೇಂಬ್ರಿಜಿನ ವಿದ್ಯಾರ್ಥಿಯಾಗಿದ್ದಾಗ ಚಳಿಗಾಲದ ಜವುಗಿನಲ್ಲಿ ರಾತ್ರಿ ಕಳೆದು ಬೆಳಗಾಗುವಾಗ ಬಾತು ಹೊಡೆಯುವುದು ಅವನಿಗೆ ಪಾಠಕ್ಕಿಂತ ಮುಖ್ಯವಾಗಿತ್ತು.

ಒಂದು ಸಲ ಗುಂಡು ತಗುಲಿದ ಹೆಬ್ಬಾತೊಂದು ಕಾಲು ಮುರಿದು ಮೆತ್ತನೆಯ ಕೆಸರಿನ ನಡುವೆ ಬಿದ್ದಿತು. ಅಲ್ಲಿಗೆ ಕಾಲಿಟ್ಟು ಹೋಗುವಂತಿರಲಿಲ್ಲ. ಹಿಡಿಯಲೂ ಆಗದೆ, ಕೊಂದು ನೋವು ತಪ್ಪಿಸಲೂ ಆಗದೆ ಅವನು ಹಿಂದಿರುಗಬೇಕಾಯಿತು. ಮರುದಿನ ನೋಡಿದರೆ ಅದು ಅಲ್ಲಿಯೇ ಇತ್ತು, ಇನ್ನೂ ಜೀವಂತವಾಗಿ. ಆ ನೋಟ ಅವನ ಮನಸ್ಸನ್ನು ಬಿಡಲಿಲ್ಲ. ಮನುಷ್ಯನ ಮನಸ್ಸು ಒಂದೇ ದಿನದಲ್ಲಿ ತಿರುಗುವುದು ನಾಟಕಗಳಲ್ಲಿ ಮಾತ್ರ. ಸ್ಕಾಟನಿಗೂ ಕೋವಿ ಕೆಳಗಿಡಲು ವರ್ಷಗಳೇ ಹಿಡಿದವು. ಆದರೆ ೧೯೪೬ರಲ್ಲಿ ಅವನು ಸೆವರ್ನ್ ನದಿಯ ಮುಖದ ಬಳಿ ಸ್ಲಿಮ್‌ಬ್ರಿಜ್ ಎಂಬಲ್ಲಿ ನೀರಹಕ್ಕಿಗಳಿಗಾಗಿ ಒಂದು ಆಶ್ರಯವನ್ನೇ ಕಟ್ಟಿದ. ಹವಾಯಿ ದ್ವೀಪದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದ 'ನೇನೆ' ಎಂಬ ಹೆಬ್ಬಾತಿನ ಸಂತಾನ ಅಲ್ಲಿ ಬೆಳೆಯಿತು. ೧೯೬೧ರಲ್ಲಿ ಹುಟ್ಟಿದ ವಿಶ್ವ ವನ್ಯಜೀವಿ ನಿಧಿಗೆ ಪಾಂಡಾ ಕರಡಿಯ ಲಾಂಛನ ಬರೆದುಕೊಟ್ಟವನೂ ಅವನೇ.

ನಮ್ಮ ದೇಶದ ಲೆಕ್ಕವೂ ಹಗುರವಾದದ್ದಲ್ಲ. ೧೯೩೮ರ ನವೆಂಬರ್ ೧೨ರಂದು ಭರತಪುರದ ಜೌಗಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ ೪,೨೭೩ ಹಕ್ಕಿಗಳು ಬಿದ್ದವು. ವಿಚಿತ್ರವೆಂದರೆ ಭಾರತದ ಬಾತುಗಳ ಬಗೆಗೆ ಮೊದಲು ವಿವರವಾಗಿ ಬರೆದವರಲ್ಲಿ ಒಬ್ಬನಾದ ಅಲನ್ ಆಕ್ಟೇವಿಯನ್ ಹ್ಯೂಮ್, ಕಾಂಗ್ರೆಸ್ಸಿನ ಸ್ಥಾಪಕನೆಂದು ಶಾಲೆಯ ಮಕ್ಕಳೆಲ್ಲ ಬಲ್ಲ ಹ್ಯೂಮನೇ. ಮಾರ್ಷಲನೊಡನೆ ಅವನು ಹೊರತಂದ ಬೇಟೆಹಕ್ಕಿಗಳ ಗ್ರಂಥದ ಮೂರು ಸಂಪುಟಗಳು ೧೮೭೯ರಿಂದ ೧೮೮೧ರೊಳಗೆ ಪ್ರಕಟವಾದವು. ನಮ್ಮ ಹಳ್ಳಿಗಾಡಿನ ಹಕ್ಕಿ ಹಿಡಿಯುವವರಿಗಾದರೋ ದೋಣಿಯೂ ಬೇಕಿರಲಿಲ್ಲ. ಕೆರೆಯಲ್ಲಿ ಬರಿಯ ಮಡಕೆಗಳನ್ನು ಕೆಲವು ದಿನ ತೇಲಬಿಟ್ಟು ಹಕ್ಕಿಗಳಿಗೆ ಅಭ್ಯಾಸ ಮಾಡಿಸಿ, ಆಮೇಲೆ ತಾವೇ ತಲೆಗೆ ಮಡಕೆ ಕವುಚಿಕೊಂಡು ಕತ್ತಿನವರೆಗೆ ನೀರಿನಲ್ಲಿ ನಡೆದು, ಬಾತಿನ ಕಾಲು ಹಿಡಿದು ಕೆಳಗೆಳೆಯುತ್ತಿದ್ದರು. ಈ ಮಡಕೆಯ ಉಪಾಯದಲ್ಲಿ ಒಂದು ದೊಡ್ಡ ಪಾಠವಿದೆ. ಅದಕ್ಕೆ ಮುಂದೆ ಬರೋಣ.

ಬುಟ್ಟಿಯ ಗುಣ, ಬುಟ್ಟಿಯ ದೋಷ

ಘಟಪ್ರಭೆ, ಮಲಪ್ರಭೆ, ಕೃಷ್ಣೆ, ತುಂಗಭದ್ರೆಗಳ ಸೀಮೆ ಹಿಂದಿನಿಂದಲೂ ನಂಬಿದ ದೋಣಿ ಹರಿಗೋಲು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇದನ್ನು ಕಂಡು, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಈ ದೋಣಿ ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತದೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಅವನ ಕಣ್ಣು ಚುರುಕು. ಹರಿಗೋಲಿನ ಗುಣದೋಷಗಳೆರಡನ್ನೂ ಒಂದೇ ನೋಟಕ್ಕೆ ಹಿಡಿದಿದ್ದಾನೆ. ಮುಂದೆ ವಾಟರ್‌ಲೂ ಕದನದಲ್ಲಿ ಹೆಸರಾದ ಆರ್ಥರ್ ವೆಲ್ಲೆಸ್ಲಿ ಕೂಡ ೧೮೦೦ರಲ್ಲಿ ಧೋಂಡಿಯಾ ವಾಘನ ಬೆನ್ನುಹತ್ತಿ ಈ ಕಡೆ ಸುತ್ತುವಾಗ ತುಂಬಿದ ನದಿಗಳನ್ನು ದಾಟಲು ಇಂಥ ಬುಟ್ಟಿಗಳನ್ನೇ ನೆಚ್ಚಿದ್ದ.

ಬಿದಿರಿನ ಸೀಳುಗಳನ್ನು ನಡುವಿನಿಂದ ಹೆಣೆಯುತ್ತ ಬಂದು, ಅಂಚನ್ನು ದಪ್ಪವಾಗಿ ಸುತ್ತಿ ಬಿಗಿದರೆ ಹಂದರ ಸಿದ್ಧ. ಹಿಂದೆ ಅದಕ್ಕೆ ಎತ್ತಿನ ಇಲ್ಲವೆ ಎಮ್ಮೆಯ ತೊಗಲು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಳಿದ ಗೋಣಿ. ಸಣ್ಣ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಕವುಚಿಕೊಂಡು ಆಮೆಯಂತೆ ನಡೆದು ಇನ್ನೊಂದು ಮಡುವಿಗೆ ಒಯ್ಯಬಹುದು. ಬೇಸಿಗೆಗೆ ತುಂಡು ತುಂಡಾಗುವ ಘಟಪ್ರಭೆಯಂಥ ನದಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ತಳ ಚಪ್ಪಟೆಯಾದ್ದರಿಂದ ಗೇಣುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆ ತಗುಲಿದರೆ ಮರದ ದೋಣಿಯಂತೆ ಬಿರಿಯದೆ ಬಾಗಿ ಜಾರಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಅದಕ್ಕೆ ಸದ್ದಿಲ್ಲ. ಹಲಗೆಯ ದೋಣಿಯಲ್ಲಿ ಹುಟ್ಟು ಅಂಚಿಗೆ ಬಡಿದರೆ 'ಟಕ್' ಎನ್ನುವ ಸದ್ದು ನೀರಿನ ಮೇಲೆ ಎಷ್ಟು ದೂರ ಹೋಗುತ್ತದೆಂಬುದು ಹಕ್ಕಿ ನೋಡಲು ಹೋಗಿ ಬರಿಗೈಯಲ್ಲಿ ಬಂದವರಿಗೇ ಗೊತ್ತು.

ದೋಷಗಳೂ ಇವೆ. ಗಾಳಿ ಬೀಸಿತೋ, ಅಡಿಗಟ್ಟಿಲ್ಲದ ಈ ಬುಟ್ಟಿ ಅಂಬಿಗನ ಮಾತು ಕೇಳುವುದಿಲ್ಲ. ಹೊಸಬ ಹುಟ್ಟು ಹಿಡಿದರೆ ಒಂದೇ ಕಡೆ ಗಿರಗಿರನೆ ಸುತ್ತಿ ತಲೆ ತಿರುಗಿಸುತ್ತದೆ. ಪಳಗಿದ ಅಂಬಿಗ ಮುಂದಿನ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತ, ಎಡಬಲಕ್ಕೆ ಹುಟ್ಟನ್ನು ಬಳುಕಿಸುತ್ತ ಅದನ್ನು ನೆಟ್ಟಗೆ ಒಯ್ಯುತ್ತಾನೆ. ಆ ಕೈಚಳಕ ಪುಸ್ತಕದಿಂದ ಬರುವಂಥದಲ್ಲ. ಇನ್ನೊಂದು ಮಾತು: ಹರಿಗೋಲು ಅಗಲವಾದ್ದರಿಂದ ಸುಲಭವಾಗಿ ಮಗುಚದೆಂದು ನಂಬಿದವರು, ಹಕ್ಕಿ ಕಂಡೊಡನೆ ಎಲ್ಲರೂ ಒಂದೇ ಅಂಚಿಗೆ ಎದ್ದು ಬರುವುದುಂಟು. ಅನಾಹುತವಾಗುವುದು ಆಗಲೇ. ಫೋಟೋ ತೆಗೆಯುವವನು ನಡುವೆ ಕುಳಿತಿರಬೇಕು, ಇತರರು ಕದಲಬಾರದು.

ಘಟಪ್ರಭೆಯಲ್ಲಿ ಬಾತುಗಳ ದೊಡ್ಡ ನೆಲೆಯೆಂದರೆ ಗೋಕಾಕದಿಂದ ಮೇಲೆ ಧೂಪದಾಳದ ಹಿನ್ನೀರು. ೧೮೯೭ರಲ್ಲಿ ನೀರಾವರಿಗಾಗಿ ಕಟ್ಟಿದ ಒಡ್ಡಿನ ಹಿಂದೆ ಹರಡಿಕೊಂಡ ಈ ನೀರು, ನಡುಗಡ್ಡೆಗಳು ಹಾಗೂ ಜೊಂಡಿನ ಅಂಚುಗಳನ್ನು ಸೇರಿಸಿ ಸುಮಾರು ೩೦ ಚದರ ಕಿಲೋಮೀಟರು ಪ್ರದೇಶವನ್ನು ೧೯೭೪ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ಡೆಮಾಯ್ಸೆಲ್ ಕ್ರೇನ್ ಎಂಬ ಬೂದು ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಬರುವುದರಿಂದ ಅದಕ್ಕೆ ಹೆಸರು ಬಂದಿದೆ. ಅಲ್ಲಿ ದೋಣಿ ಇಳಿಸುವ ಮಾತು ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಸಲ್ಲದು. ಅಪ್ಪಣೆ ದೊರೆತರೂ ಒಡ್ಡಿನ ಬಾಯಿಯ ಕಡೆಗೆ ಹರಿಗೋಲನ್ನು ಬಿಡಬಾರದು. ನಿಂತಂತೆ ತೋರುವ ನೀರು ಅಲ್ಲಿ ಮೆಲ್ಲನೆ ಸೆಳೆಯುತ್ತಿರುತ್ತದೆ. ಸೆಳೆತವನ್ನು ಎದುರಿಸಲು ಬುಟ್ಟಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ.

ಉಪ್ಪುನೀರಿನ ಕಡೆಗೆ ಪಾತಿ

ಇದೇ ಹರಿಗೋಲನ್ನು ಘಟ್ಟದ ಕೆಳಗಿನ ಅಘನಾಶಿನಿಗೆ ಒಯ್ದರೆ? ಕುಮಟೆಯ ಬಳಿ, ತದಡಿಯ ಸುತ್ತ, ಅಣೆಕಟ್ಟಿನ ಕಾಟವಿಲ್ಲದೆ ಬಂದ ಆ ನದಿ ಸಮುದ್ರ ಸೇರುವಲ್ಲಿ ನಮ್ಮ ನಾಡಿನ ಉಪ್ಪುಜವುಗು ಹರಡಿದೆ. ಅಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ನುಗ್ಗುವ ಉಪ್ಪುನೀರಿನಲ್ಲಿ ಸೀಗಡಿ, ಮೀನು. ಕಾಂಡ್ಲಾ ಗಿಡಗಳ ಬೇರಿನ ಕಾಡು, ಬಳಚು ಆರಿಸುವ ಹೆಂಗಸರು, ಉದುರಿದ ಕಾಳು ಅರಸಿ ಬರುವ ಹಕ್ಕಿಗಳು, ಎಲ್ಲಕ್ಕೂ ಅಲ್ಲಿ ಜಾಗವಿದೆ. ೨೦೨೪ರ ಜನವರಿಯ ಕೊನೆಯಲ್ಲಿ ಅಘನಾಶಿನಿಯ ಅಳಿವೆ, ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಂಕಸಮುದ್ರ, ಈ ಮೂರೂ ರಾಮ್ಸಾರ್ ಪಟ್ಟಿಗೆ ಸೇರಿದವು.

ಅಂಥಲ್ಲಿ ಹರಿಗೋಲು ಸೋಲುತ್ತದೆ. ಇಳಿತದ ಸೆಳೆತ, ಮಧ್ಯಾಹ್ನದ ಕಡಲಗಾಳಿ ಇವೆರಡೂ ಸೇರಿದರೆ ಅದು ಹೋಗುವುದು ತನ್ನ ಇಷ್ಟಕ್ಕೆ. ಆ ನೀರಿಗೆ ಅಲ್ಲಿನವರ ಪಾತಿ ದೋಣಿಯೇ ತಕ್ಕದ್ದು. ಇಬ್ಬರು ಕೂಡಬಹುದಾದ, ಕಿರಿದಾದ, ಉದ್ದನೆಯ ದೋಣಿ ಅದು. ಹಗುರವಾದ್ದರಿಂದ ಕೆಸರಿನ ಮೇಲೂ ಎಳೆದುಕೊಂಡು ಹೋಗಬಹುದು. ಕಿರಿದಾದ ದೋಣಿ ಪಕ್ಕಕ್ಕೆ ವಾಲದಂತೆ ಒಂದು ಬದಿಗೆ ಕೋಲುಗಳನ್ನು ಚಾಚಿ ತೇಲುಮರ ಕಟ್ಟುವ ಉಪಾಯವೂ ಕರಾವಳಿಗೆ ಹಳೆಯದು. ಬಾರ್ನೆಗಾಟಿನ ಬಡಗಿಯೂ ಕುಮಟೆಯ ಅಂಬಿಗನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಕೆಸರು ಇಬ್ಬರಿಗೂ ಒಂದೇ ಪಾಠ ಹೇಳಿತ್ತು: ಹಗುರವಾಗಿರು, ಆಳಕ್ಕಿಳಿಯಬೇಡ. ದೋಣಿಯನ್ನು ಆರಿಸಿದ ಮೇಲೂ ಭರತ ಇಳಿತಗಳ ವೇಳೆಯನ್ನು ಅಲ್ಲಿನ ಮೀನುಗಾರನಿಂದ ಕೇಳಿ ತಿಳಿಯದೆ ಹೊರಡುವುದು ಮೂರ್ಖತನ. ಏರುನೀರಿನಲ್ಲಿ ಒಳಗೆ ಹೋಗಿ, ನೀರು ತಿರುಗುವ ಮೊದಲೇ ಹೊರಬರಬೇಕು.

ಇನ್ನು ಎಂಜಿನ್ ಕಟ್ಟಿದ ಫೈಬರ್ ದೋಣಿ. ಪ್ರವಾಹದಲ್ಲಿ ಸಿಕ್ಕವರನ್ನು ಹೊರತರಲು ಇದಕ್ಕೆ ಸಮನಾದದ್ದಿಲ್ಲ. ೨೦೧೯ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ನದೀತೀರದ ಊರುಗಳು ನೀರಿನಲ್ಲಿ ನಿಂತದ್ದನ್ನು ಕಂಡವರು ಎಂಜಿನ್ನನ್ನು ಹಳಿಯಲಾರರು. ಆದರೆ ಬಾತು ನೋಡಲು ಅದರಲ್ಲಿ ಹೋಗುವುದು, ಸಂಗೀತ ಕೇಳಲು ಹಿಟ್ಟಿನ ಗಿರಣಿಯೊಳಗೆ ಕುಳಿತಂತೆ.

ಮಡಕೆಯ ಪಾಠ

ಮಡಕೆಯ ಉಪಾಯದ ಮಾತು ಉಳಿದಿದೆ. ಅಮೆರಿಕದವನು ದೋಣಿಯನ್ನು ಹುಲ್ಲಿನಿಂದ ಮುಚ್ಚಿದ, ಇಂಗ್ಲಿಷಿನವನು ಬೂದು ಬಣ್ಣ ಬಳಿದ. ಇಬ್ಬರೂ ಅಡಗಲು ಹೆಣಗಿದರು. ನಮ್ಮ ಮಡಕೆಯವನು ಅಡಗಲಿಲ್ಲ, ಪರಿಚಿತನಾದ. ಕೋವಿಯ ಸದ್ದು ನಿಂತ ನೀರಿನಲ್ಲಿ ಈ ಎರಡನೆಯ ದಾರಿಯೇ ಮೇಲು. ದಿನವೂ ಬಲೆ ಹಾಕುವ ಮೀನುಗಾರನ ಹರಿಗೋಲು ಹಾದುಹೋದರೆ ವರಟೆ ಬಾತು ಕತ್ತೆತ್ತಿ ನೋಡಿ ಮತ್ತೆ ತಲೆ ತಗ್ಗಿಸುತ್ತದೆ. ಅದೇ ಅಂತರದಲ್ಲಿ ಥಳಥಳಿಸುವ ಹೊಸ ದೋಣಿಯೊಂದು ಬಂದರೆ ಎದ್ದುಬಿಡುತ್ತದೆ. ಆದುದರಿಂದ ಹಕ್ಕಿ ನೋಡಲು ಹೊರಟವರು ಹೊಸ ದೋಣಿ ಕೊಳ್ಳುವುದಕ್ಕಿಂತ ಆ ನೀರಿನ ಹಳೆಯ ಅಂಬಿಗನ ಮಸಿಹಿಡಿದ ಹರಿಗೋಲಿಗೆ ಕೂಲಿ ಕೊಡುವುದು ಲೇಸು. ಅವನ ಮನೆಗೂ ನಾಲ್ಕು ಕಾಸು ಸೇರುತ್ತದೆ. ಹಕ್ಕಿ ಉಳಿದರೆ ತನಗೂ ಲಾಭವೆಂದು ತಿಳಿದವನು ಬಲೆಗಾರರನ್ನು ಆ ಮಡುವಿಗೆ ಸುಳಿಯಗೊಡುವುದಿಲ್ಲ.

ಹಾಗೆಂದು ಸಲುಗೆಯೂ ಸಲ್ಲದು. ಮಧ್ಯ ಏಷ್ಯದಿಂದ, ಸೈಬೀರಿಯದಿಂದ ಬಂದ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳಿಗೆ ಹಗಲಿನ ವಿಶ್ರಾಂತಿ ಎಂದರೆ ಸೋಮಾರಿತನವಲ್ಲ. ಅವು ರಾತ್ರಿ ಮೇದು ಹಗಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ಬೇಸಿಗೆಯ ಆರಂಭದಲ್ಲಿ ಹಿಂದಿರುಗುವ ಸಾವಿರಾರು ಮೈಲಿಯ ಹಾದಿಗೆ ಅದೇ ಬುತ್ತಿ. ದೋಣಿ ಕಂಡು ಹಾರಿದಷ್ಟು ಸಲವೂ ಆ ಬುತ್ತಿಯಲ್ಲಿ ಒಂದೊಂದು ತುತ್ತು ಕಡಿಮೆಯಾಗುತ್ತದೆ. ಹಿಂಡಿನ ತಲೆಗಳು ಒಟ್ಟಿಗೆ ಮೇಲೆದ್ದವೆಂದರೆ ಅದು ಮುನ್ನೆಚ್ಚರಿಕೆ. ಹುಟ್ಟು ಅಲ್ಲಿಗೇ ನಿಲ್ಲಬೇಕು. ೧೯೮೭ರಿಂದ ನಡೆದುಬಂದಿರುವ ಏಷ್ಯದ ನೀರಹಕ್ಕಿಗಳ ಗಣತಿಗೆ ಹೋಗುವವರು ಈ ನಿಯಮವನ್ನು ಬಲ್ಲರು. ಹಾರಿಹೋದ ಹಿಂಡನ್ನು ಎಣಿಸಲಾಗುವುದಿಲ್ಲ, ಇನ್ನೊಂದು ಮಡುವಿನಲ್ಲಿ ಇಳಿದರೆ ಎರಡು ಸಲ ಎಣಿಸಿದಂತಾಗುತ್ತದೆ.

ನಮ್ಮ ಕವಿಗಳು ಚಕ್ರವಾಕವೆಂದು ಕರೆದು, ರಾತ್ರಿಯೆಲ್ಲ ಅಗಲಿ ನದಿಯ ಎರಡು ದಂಡೆಗಳಿಂದ ಕೂಗಿಕೊಳ್ಳುವ ಜೋಡಿಯೆಂದು ಮರುಗಿದ ಹಕ್ಕಿ ಬೇರೆ ಯಾವುದೂ ಅಲ್ಲ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಕೇಸರಿ ಮೈಯ ಕಂದು ಬಾತು. ಅದು ಬಲು ಎಚ್ಚರದ ಹಕ್ಕಿ. ಮರಳದಿಣ್ಣೆಯ ಮೇಲೆ ನಿಂತು ಎಲ್ಲರಿಗಿಂತ ಮೊದಲು ಕೂಗಿ ಮಿಕ್ಕ ಬಾತುಗಳನ್ನೂ ಎಬ್ಬಿಸುತ್ತದೆ. ಹಿಂದಿನ ಬೇಟೆಗಾರರು ಇದಕ್ಕಾಗಿ ಅದನ್ನು ಶಪಿಸುತ್ತಿದ್ದರು. ಅದು ಇರುವ ಮಡುವಿನಲ್ಲಿ ಅಂಬಿಗ ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು, ಹುಟ್ಟನ್ನು ನೀರಿನಿಂದ ಮೇಲೆತ್ತದೆ, ಓರೆಯಾಗಿ, ಎಲ್ಲಿಗೋ ಹೋಗುತ್ತಿರುವವನಂತೆ ಹರಿಗೋಲನ್ನು ಜಾರಿಸಬೇಕು. ನೇರವಾಗಿ ತನ್ನತ್ತಲೇ ಬರುವುದನ್ನು ಯಾವ ಬಾತೂ ಸಹಿಸುವುದಿಲ್ಲ. ಹತ್ತು ಗಂಟೆಯ ಸುಮಾರಿಗೆ ಗಾಳಿ ಏಳುತ್ತದೆ; ಅಷ್ಟರೊಳಗೆ ಹರಿಗೋಲು ದಂಡೆಗೆ ಬಂದು ಬಿಸಿಲಿಗೆ ಕವುಚಿ ಒಣಗುತ್ತಿರಬೇಕು.